ಹೊಟ್ಟೆ ಊದಿ ತೇಲುತ್ತಿದ್ದ ಬೆಟ್ಟಾ: ಒಂದು ಪ್ರಕರಣದ ಪೂರ್ತಿ ವಿವರ

ಮೊದಲು ಮೀನಿನ ಪರಿಚಯ. ಗಂಡು ಬೆಟ್ಟಾ, ಅಂದರೆ ಅಕ್ವೇರಿಯಂಗಳಲ್ಲಿ ಸಾಕುವ ಫೈಟರ್ ಮೀನು. ಕಡುನೀಲಿ, ಅಗಲ ಬಾಲದ ಹಾಫ್‌ಮೂನ್ ತಳಿ. ವಯಸ್ಸು ಸುಮಾರು ಒಂದೂವರೆ ವರ್ಷ. 15 ಲೀಟರಿನ ಟ್ಯಾಂಕ್‌ನಲ್ಲಿ ಒಂಟಿಯಾಗಿದೆ. ಸ್ಪಂಜ್ ಫಿಲ್ಟರ್ ಇದೆ, ಗಿಡಗಳಿವೆ, ಹೀಟರ್ ಇಲ್ಲ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಾಗುತ್ತದೆ. ಈ ಹಿಂದೆ ಯಾವ ಕಾಯಿಲೆಯೂ ಬಂದಿರಲಿಲ್ಲ.

ಮೀನು ನನ್ನ ಗೆಳತಿಯ ಮನೆಯದು. ಚಳಿ ಶುರುವಾಗಿ ಕೆಲವು ವಾರ ಆಗಿತ್ತು. ಅವಳು ಫೋನ್ ಮಾಡಿ, "ಸ್ವಿಮ್ ಬ್ಲಾಡರ್ ಕಾಯಿಲೆ ಬಂದಿದೆ ಕಣೇ, ಯಾವ ಔಷಧಿ ಹಾಕ್ಲಿ ಹೇಳು" ಎಂದಳು. ಸ್ವಿಮ್ ಬ್ಲಾಡರ್ ಅಂದರೆ ಮೀನು ತೇಲಲು ನೆರವಾಗುವ ಒಳಗಿನ ಗಾಳಿಚೀಲ. ಮೀನು ಎರಡು ದಿನದಿಂದ ಕೆಳಗೆ ಇಳಿಯುತ್ತಿಲ್ಲ. ಬಾಲ ಮೇಲೆ, ತಲೆ ಕೆಳಗೆ ಮಾಡಿಕೊಂಡು ತೇಲುತ್ತಿದೆ. ಕಷ್ಟಪಟ್ಟು ಅರ್ಧದವರೆಗೆ ಇಳಿಯುತ್ತದೆ, ಸುಸ್ತಾಗಿ ಮತ್ತೆ ಮೇಲಕ್ಕೆ ಬರುತ್ತದೆ. ಹೊಟ್ಟೆ ಗುಂಡಗಾಗಿದೆ. ಆಂಟಿಬಯೋಟಿಕ್ ಪುಡಿಯ ಪೊಟ್ಟಣವನ್ನೂ ತಂದಿಟ್ಟುಕೊಂಡಿದ್ದಳು.

ಪೊಟ್ಟಣ ಒಡೆಯಬೇಡ, ಇವತ್ತು ಊಟವನ್ನೂ ಹಾಕಬೇಡ, ನಾನು ಬಂದು ನೋಡುತ್ತೇನೆ ಎಂದೆ. ತೇಲುವುದು ಒಂದು ಲಕ್ಷಣ ಅಷ್ಟೇ. ಅದರ ಹಿಂದೆ ಬೇರೆ ಬೇರೆ ಕಾರಣ ಇರಬಹುದು. ಆಂಟಿಬಯೋಟಿಕ್ ಬ್ಯಾಕ್ಟೀರಿಯಾಕ್ಕೆ ಮಾತ್ರ ಕೆಲಸ ಮಾಡುತ್ತದೆ. ಕಾರಣ ಬೇರೆ ಇದ್ದರೆ ಮೀನಿಗೆ ಏನೂ ಉಪಯೋಗ ಆಗುವುದಿಲ್ಲ. ಮೇಲಾಗಿ ಹಿಕ್ಕೆ, ಉಳಿದ ಊಟದಿಂದ ಹುಟ್ಟುವ ವಿಷವಾದ ಅಮೋನಿಯಾವನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಆಗಿ ಬದಲಿಸುವ ಒಳ್ಳೆಯ ಬ್ಯಾಕ್ಟೀರಿಯಾಗಳು ಫಿಲ್ಟರಿನಲ್ಲಿ ಮನೆ ಮಾಡಿಕೊಂಡಿರುತ್ತವೆ. ಕೆಲವು ಔಷಧಿಗಳು ಅವನ್ನೂ ಕೊಲ್ಲುತ್ತವೆ. ಆಮೇಲೆ ನೀರೂ ಕೆಡುತ್ತದೆ, ಒಂದು ತೊಂದರೆ ಇದ್ದದ್ದು ಎರಡಾಗುತ್ತದೆ.

ಕಣ್ಣಿಗೆ ಕಂಡದ್ದು

ಟ್ಯಾಂಕಿನ ಮುಂದೆ ಕೂತು ಸುಮಾರು ಹೊತ್ತು ಸುಮ್ನೆ ನೋಡಿದೆ. ಮೀನು ನಮ್ಮನ್ನು ಕಂಡ ಕೂಡಲೇ ಗಾಜಿನ ಹತ್ತಿರ ಬಂದು ಊಟ ಕೇಳಲು ಶುರು ಮಾಡಿತು. ಇದು ಒಳ್ಳೆಯ ಸುದ್ದಿ. ಬಣ್ಣ ಮಾಸಿರಲಿಲ್ಲ. ರೆಕ್ಕೆಗಳು ಮುದುಡಿರಲಿಲ್ಲ. ಕಿವಿರುಗಳು ನಿಧಾನವಾಗಿ, ಒಂದೇ ಲಯದಲ್ಲಿ ಆಡುತ್ತಿದ್ದವು. ಕಣ್ಣುಗಳು ಉಬ್ಬಿರಲಿಲ್ಲ.

ಹೊಟ್ಟೆ ಮಾತ್ರ ನಿಜವಾಗಿ ಊದಿತ್ತು. ಊತ ಎಲ್ಲಿದೆ ಎನ್ನುವುದು ಮುಖ್ಯ. ಹೊಟ್ಟೆಯ ಅಡಿಯಲ್ಲಿ ನೇತಾಡುವ ಎರಡು ಸಣ್ಣ ರೆಕ್ಕೆಗಳಿವೆಯಲ್ಲ, ಅವುಗಳ ಬುಡದಿಂದ ಹಿಂದಿನ ದೊಡ್ಡ ರೆಕ್ಕೆ ಶುರುವಾಗುವ ಜಾಗದವರೆಗೆ ಊತ ಇತ್ತು. ಎರಡೂ ಪಕ್ಕ ಸಮವಾಗಿತ್ತು. ಒಂದೇ ಪಕ್ಕ ಗಂಟಿನ ಹಾಗೆ ಉಬ್ಬಿದ್ದರೆ ನಾನು ಗೆಡ್ಡೆಯ ಬಗ್ಗೆ ಯೋಚಿಸುತ್ತಿದ್ದೆ.

ಆಮೇಲೆ ಮೇಲಿನಿಂದ ನೋಡಿದೆ. ಬೆಟ್ಟಾದ ಹೊಟ್ಟೆ ಊದಿದಾಗ ಎಲ್ಲರೂ ಮೊದಲು ಮಾಡಬೇಕಾದ ಕೆಲಸ ಇದು, ಆದರೆ ಜಾಸ್ತಿ ಜನ ಪಕ್ಕದಿಂದ ಮಾತ್ರ ನೋಡುತ್ತಾರೆ. ಡ್ರಾಪ್ಸಿ ಆದಾಗ ಮೈಯೊಳಗೆ ನೀರು ತುಂಬಿ ಹುರುಪೆಗಳು ಮೈಯಿಂದ ಎದ್ದು ನಿಲ್ಲುತ್ತವೆ. ಮೇಲಿನಿಂದ ನೋಡಿದರೆ ಅದು ಸ್ಪಷ್ಟವಾಗಿ ಕಾಣುತ್ತದೆ. ಅಷ್ಟೊತ್ತಿಗೆ ಸಾಮಾನ್ಯವಾಗಿ ಮೂತ್ರಪಿಂಡ ಕೆಲಸ ನಿಲ್ಲಿಸುತ್ತಾ ಬಂದಿರುತ್ತದೆ, ಮೀನು ಉಳಿಯುವುದು ಕಷ್ಟ. ಈ ಮೀನಿನ ಹುರುಪೆಗಳು ಮೈಗೆ ಅಂಟಿಕೊಂಡು ನುಣುಪಾಗಿದ್ದವು. ಗೆಳತಿಗೂ ತೋರಿಸಿದೆ, ಮೇಲಿನಿಂದ ಒಂದು ಫೋಟೋ ತೆಗೆದಿಡು ಎಂದೆ. ದಿನಾ ಅದೇ ಕೋನದಲ್ಲಿ ಒಂದೊಂದು ಫೋಟೋ ಇದ್ದರೆ ಊತ ಜಾಸ್ತಿ ಆಯಿತೋ ಕಮ್ಮಿ ಆಯಿತೋ ಎಂದು ಊಹೆ ಮಾಡಬೇಕಾಗಿಲ್ಲ.

ಮೀನಿನ ಹಿಂಭಾಗದಿಂದ ತೆಳ್ಳಗೆ, ಬೆಳ್ಳಗೆ ಒಂದು ಎಳೆ ನೇತಾಡುತ್ತಿತ್ತು. ಆರೋಗ್ಯವಾಗಿರುವ ಬೆಟ್ಟಾದ ಹಿಕ್ಕೆ ಸಣ್ಣದಾಗಿ, ಗಟ್ಟಿಯಾಗಿ, ತಿಂದ ಆಹಾರದ ಬಣ್ಣಕ್ಕೆ ಹತ್ತಿರವಾಗಿ ಇರುತ್ತದೆ. ಬಿದ್ದ ಕೂಡಲೇ ತಳಕ್ಕೆ ಹೋಗುತ್ತದೆ. ಬಿಳಿ ಎಳೆ ಕಂಡರೆ "ಹೊಟ್ಟೆಯಲ್ಲಿ ಹುಳ" ಎಂದು ತೀರ್ಮಾನ ಮಾಡುವವರು ತುಂಬಾ. ಅದು ಹುಳದ ಲಕ್ಷಣ ಆಗಿರಬಹುದು. ಆದರೆ ಕರುಳಿನಲ್ಲಿ ಆಹಾರ ಮುಂದೆ ಸಾಗದೆ ಬರೀ ಲೋಳೆ ಹೊರಗೆ ಬಂದಾಗಲೂ ಅದು ಹಾಗೇ ಕಾಣುತ್ತದೆ. ಉಪವಾಸ ಇರುವ ಮೀನಿನಲ್ಲೂ ಹಾಗೇ. ಬಿಳಿ ಎಳೆ ಒಂದನ್ನೇ ನಂಬಿ ಹುಳದ ಔಷಧಿ ಹಾಕುವುದು ನನಗೆ ಒಪ್ಪಿಗೆ ಇಲ್ಲ. ಕೊನೆಯ ಸಲ ಸರಿಯಾದ ಹಿಕ್ಕೆ ಯಾವಾಗ ನೋಡಿದೆ ಎಂದು ಕೇಳಿದೆ. ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ.

ನೀರಿನ ಪರೀಕ್ಷೆ ಬೇಗ ಮುಗಿಯಿತು. ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ನೈಟ್ರೇಟ್ 20 ಪಿಪಿಎಂ ಹತ್ತಿರ, ಪಿಎಚ್ 7.2. ದೂರಲು ಏನೂ ಇಲ್ಲ. ಆದರೆ ಥರ್ಮಾಮೀಟರ್ ಇಳಿಸಿದರೆ 21 ಡಿಗ್ರಿ ಸೆಲ್ಸಿಯಸ್ ತೋರಿಸಿತು. ಬೆಳಗಿನ ಜಾವ ಇನ್ನೂ ಕೆಳಗೆ ಹೋಗುತ್ತಿತ್ತು ಅನ್ನುವುದರಲ್ಲಿ ಅನುಮಾನವಿಲ್ಲ.

ಬೆಟ್ಟಾ ಮೂಲತಃ ಥಾಯ್ಲೆಂಡಿನ ಗದ್ದೆ, ಜೌಗು, ಆಳವಿಲ್ಲದ ನಿಂತ ನೀರಿನ ಮೀನು. ಬೆಚ್ಚಗಿನ ನೀರು ಅದಕ್ಕೆ ಬೇಕೇ ಬೇಕು, 25ರಿಂದ 28 ಡಿಗ್ರಿ ಇದ್ದರೆ ಸರಿ. ಮೀನಿಗೆ ತನ್ನ ಮೈಯ ಬಿಸಿಯನ್ನು ತಾನೇ ಕಾಯ್ದುಕೊಳ್ಳಲು ಬರುವುದಿಲ್ಲ. ನೀರು ತಣ್ಣಗಾದರೆ ಹೊಟ್ಟೆಯೂ ತಣ್ಣಗಾಗುತ್ತದೆ. ಜೀರ್ಣ ಮಾಡುವ ರಸಗಳ ಕೆಲಸ ನಿಧಾನವಾಗುತ್ತದೆ, ಕರುಳಿನ ಚಲನೆ ನಿಧಾನವಾಗುತ್ತದೆ. ಬೇಸಿಗೆಯಲ್ಲಿ ಅರಗಿಸಿಕೊಂಡಷ್ಟೇ ಆಹಾರ ಚಳಿಗಾಲದಲ್ಲಿ ಹೊಟ್ಟೆಯಲ್ಲೇ ಉಳಿಯುತ್ತದೆ.

ಊಟದ ಲೆಕ್ಕ

ಈ ಪ್ರಕರಣದ ಉತ್ತರ ಸಿಕ್ಕಿದ್ದು ಟ್ಯಾಂಕಿನಲ್ಲಿ ಅಲ್ಲ, ಮಾತುಕತೆಯಲ್ಲಿ. ಮೀನಿಗೆ ಏನು ಹಾಕುತ್ತೀರಿ ಎಂದು ಕೇಳಿದರೆ ಗೆಳತಿ, "ಬೆಳಗ್ಗೆ ನಾಲ್ಕು ಪೆಲೆಟ್ ಅಷ್ಟೇ" ಎಂದಳು. ಪೆಲೆಟ್ ಅಂದರೆ ಕಾಳಿನಂಥ ಒಣ ಮೀನಾಹಾರ. ಅದು ಸರಿಯಾದ ಲೆಕ್ಕವೇ. ನಾಲ್ಕು ಪೆಲೆಟ್‌ಗೆ ಇಷ್ಟು ಊತ ಬರುವುದಿಲ್ಲ ಅಲ್ವಾ? ಮನೆಯವರೆಲ್ಲ ಇರುವಾಗ ಮತ್ತೊಮ್ಮೆ ಕೇಳಿದೆ. ಅವಳ ಮಗ ಶಾಲೆಯಿಂದ ಬಂದ ಮೇಲೆ "ಸ್ವಲ್ಪ" ಹಾಕುತ್ತಿದ್ದ. ರಾತ್ರಿ ಅವಳ ಮಾವ ಒಣಗಿಸಿದ ಬ್ಲಡ್‌ವರ್ಮ್ ಎಂಬ ಕೆಂಪು ಹುಳು ಒಂದು ಚಿಟಿಕೆ ಹಾಕುತ್ತಿದ್ದರು. ಮಾವನಿಗೂ ಮೀನಿಗೂ ಅದು ಪ್ರೀತಿಯ ಹೊತ್ತು. ಒಬ್ಬರು ಹಾಕಿದ್ದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಮೀನಂತೂ ಮೂವರ ಮುಂದೆಯೂ ಹಸಿದವರ ಹಾಗೇ ಕುಣಿಯುತ್ತಿತ್ತು.

ಬೆಟ್ಟಾ ಊಟ ಕೇಳುವುದು ಹಸಿವಿನ ಗುರುತಲ್ಲ. ಅದು ಕಲಿತ ಅಭ್ಯಾಸ. ಕಾಡಿನಲ್ಲಿ ಮುಂದಿನ ಊಟ ಯಾವಾಗ ಸಿಗುತ್ತದೋ ಗೊತ್ತಿಲ್ಲ, ಸಿಕ್ಕಾಗ ತಿಂದುಬಿಡುವುದೇ ಅದರ ಗುಣ. ಟ್ಯಾಂಕಿಗೆ ಬಂದ ಮೇಲೂ ಆ ಗುಣ ಹೋಗುವುದಿಲ್ಲ. ಗಾಜಿನ ಮುಂದೆ ಮನುಷ್ಯನ ಮುಖ ಕಂಡರೆ ಊಟ ಬರುತ್ತದೆ ಎಂದು ಅದು ಬೇಗ ಕಲಿಯುತ್ತದೆ.

ಮೂವರಿಗೂ ಒಂದು ಕೆಲಸ ಹೇಳಿದೆ. ನೀವು ದಿನಾ ಎಷ್ಟು ಹಾಕುತ್ತೀರೋ ಅಷ್ಟನ್ನು ಒಂದು ಬಿಳಿ ತಟ್ಟೆಯಲ್ಲಿ ಹಾಕಿ. ಹಾಕಿದರು. ಅದರ ಮೇಲೆ ಸ್ವಲ್ಪ ನೀರು ಸುರಿದು ಕಾಲು ಗಂಟೆ ಬಿಟ್ಟೆವು. ಪೆಲೆಟ್‌ಗಳು ಉಬ್ಬಿದವು. ಒಣ ಹುಳುಗಳು ಅದಕ್ಕಿಂತ ಜಾಸ್ತಿ ಉಬ್ಬಿದವು, ನಾರಿನಂತಿದ್ದ ಚಿಟಿಕೆ ಒಂದು ಸಣ್ಣ ಗುಡ್ಡೆಯಾಯಿತು. ಬೆಟ್ಟಾದ ಹೊಟ್ಟೆ ಹೆಚ್ಚುಕಮ್ಮಿ ಅದರ ಕಣ್ಣಿನಷ್ಟು ದೊಡ್ಡದು ಎಂದು ಮೀನು ಸಾಕುವವರು ಲೆಕ್ಕ ಹಿಡಿಯುತ್ತಾರೆ. ಅಳತೆ ಕರಾರುವಾಕ್ಕಲ್ಲ, ಹೊಟ್ಟೆ ಸ್ವಲ್ಪ ಹಿಗ್ಗುತ್ತದೆ. ಆದರೂ ತಟ್ಟೆಯ ಗುಡ್ಡೆಯನ್ನು ಮೀನಿನ ಕಣ್ಣಿನ ಪಕ್ಕದಲ್ಲಿ ಇಟ್ಟು ನೋಡಿದರೆ ಬೇರೆ ಮಾತೇ ಬೇಕಾಗಲಿಲ್ಲ. ಮಾವ ತಟ್ಟೆಯನ್ನೂ ಮೀನನ್ನೂ ನೋಡಿ, "ಇಷ್ಟೂ ಇದರ ಹೊಟ್ಟೆಯೊಳಗೇ ಹೋಗಿದ್ಯಾ?" ಎಂದರು.

ಪೆಲೆಟ್ ಡಬ್ಬಿಯನ್ನೂ ನೋಡಿದೆ. ಅದು ಬೇರೆ ದೊಡ್ಡ ಮೀನುಗಳಿಗೆ ಮಾಡಿದ್ದು. ಕಾಳು ದೊಡ್ಡದು, ಮೊದಲ ಪದಾರ್ಥವೇ ಗೋಧಿ ಹಿಟ್ಟು. ಬೆಟ್ಟಾ ಕೀಟ ತಿನ್ನುವ ಮೀನು. ಸೊಳ್ಳೆ ಮರಿ, ನೀರಿಗೆ ಬಿದ್ದ ಸಣ್ಣ ಹುಳು, ನೀರು ಚಿಗಟ, ಇವು ಅದರ ಸಹಜ ಊಟ. ಬಾಯಿ ಮೇಲ್ಮುಖವಾಗಿರುವುದು ನೀರಿನ ಮೇಲ್ಭಾಗದಲ್ಲಿ ಬೇಟೆ ಹಿಡಿಯಲೆಂದೇ. ಕರುಳು ಗಿಡ್ಡ. ಸೊಪ್ಪು ಕಾಳು ತಿನ್ನುವ ಮೀನುಗಳಿಗೆ ಉದ್ದ ಕರುಳು ಇರುತ್ತದೆ, ಬೆಟ್ಟಾಗೆ ಇಲ್ಲ. ಹಿಟ್ಟೇ ಜಾಸ್ತಿ ಇರುವ ಆಹಾರ ಅದಕ್ಕೆ ಒಗ್ಗುವುದಿಲ್ಲ. ಡಬ್ಬಿಯ ಮೇಲಿನ ಚಿತ್ರ ನೋಡಿ ಕೊಳ್ಳಬೇಡಿ, ಹಿಂದಿನ ಪದಾರ್ಥಗಳ ಪಟ್ಟಿ ಓದಿ. ಮೊದಲಿಗೆ ಮೀನು, ಸಿಗಡಿ ಅಥವಾ ಕೀಟದ ಹೆಸರು ಇರಬೇಕು.

ತೇಲುವುದಕ್ಕೂ ಹೊಟ್ಟೆಗೂ ಏನು ಸಂಬಂಧ

ಮೀನಿನ ಬೆನ್ನೆಲುಬಿನ ಕೆಳಗೆ ಗಾಳಿ ತುಂಬಿದ ಒಂದು ಚೀಲ ಇದೆ. ಅದೇ ಸ್ವಿಮ್ ಬ್ಲಾಡರ್. ನೀರಿನಲ್ಲಿ ಮೇಲೂ ಹೋಗದೆ ಕೆಳಗೂ ಇಳಿಯದೆ ನಿಲ್ಲಲು ಅದು ಬೇಕು. ಅದರ ಕೆಳಗೇ ಹೊಟ್ಟೆ ಮತ್ತು ಕರುಳು. ಮೀನಿನ ಮೈ ಸಣ್ಣದು, ಒಳಗೆ ಜಾಗ ಕಮ್ಮಿ. ಕರುಳು ಉಬ್ಬಿದರೆ ಗಾಳಿಚೀಲವನ್ನು ಒತ್ತುತ್ತದೆ, ಜಾಗದಿಂದ ಸರಿಸುತ್ತದೆ. ನಿಂತುಹೋದ ಆಹಾರ ಕೊಳೆತು ಗ್ಯಾಸ್ ಆದರೆ ಅದೂ ಮೀನನ್ನು ಮೇಲಕ್ಕೆತ್ತುತ್ತದೆ. ಆಗ ಮೀನು ವಾಲುತ್ತದೆ, ತೇಲುತ್ತದೆ, ಇಳಿಯಲಾಗದೆ ಒದ್ದಾಡುತ್ತದೆ. ಇಲ್ಲಿ ಚೀಲಕ್ಕೆ ಏನೂ ರೋಗ ಇಲ್ಲ. ಅದರ ನೆರೆಯವನದು ತೊಂದರೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಬೆಟ್ಟಾ ಮೇಲೆ ಬಂದು ಗಾಳಿ ನುಂಗುತ್ತದೆ, ಆ ಗಾಳಿಯೇ ಚೀಲಕ್ಕೆ ಹೋಗಿ ಮೀನು ತೇಲುತ್ತದೆ ಎಂದು ಹಲವರು ನಂಬಿದ್ದಾರೆ. ಹಾಗಲ್ಲ. ಬೆಟ್ಟಾ ನುಂಗಿದ ಗಾಳಿ ಕಿವಿರುಗಳ ಮೇಲಿರುವ ಲ್ಯಾಬಿರಿಂತ್ ಎಂಬ ಅಂಗಕ್ಕೆ ಹೋಗುತ್ತದೆ. ಅದು ಉಸಿರಾಟಕ್ಕೆ. ಗೋಲ್ಡ್‌ಫಿಶ್‌ನಲ್ಲಿ ಗಂಟಲಿನಿಂದ ಗಾಳಿಚೀಲಕ್ಕೆ ಒಂದು ನಳಿಕೆ ಇರುತ್ತದೆ. ಬೆಳೆದ ಬೆಟ್ಟಾದಲ್ಲಿ ಆ ದಾರಿ ಇಲ್ಲ. ಅದರ ಚೀಲಕ್ಕೆ ಗಾಳಿ ತುಂಬುವುದು ರಕ್ತದ ಮೂಲಕ. ಗೋಲ್ಡ್‌ಫಿಶ್‌ಗೆ ಹೇಳಿದ ಸಲಹೆಯನ್ನೆಲ್ಲ ಬೆಟ್ಟಾಗೆ ಹಾಗೇ ಹಚ್ಚಬಾರದು ಎನ್ನುವುದಕ್ಕೆ ಇದೂ ಒಂದು ಕಾರಣ.

ಬೇರೆ ಸಾಧ್ಯತೆಗಳನ್ನು ಹೇಗೆ ಬದಿಗಿಟ್ಟೆವು? ಡ್ರಾಪ್ಸಿ ಅಲ್ಲ, ಹುರುಪೆ ಎದ್ದಿಲ್ಲ, ಕಣ್ಣು ಉಬ್ಬಿಲ್ಲ. ಮೊಟ್ಟೆ ತುಂಬಿರುವ ಪ್ರಶ್ನೆ ಇಲ್ಲ, ಇದು ಗಂಡು. ಹೆಣ್ಣಾಗಿದ್ದರೆ ಹಿಂಭಾಗದಲ್ಲಿ ಕಾಣುವ ಸಣ್ಣ ಬಿಳಿ ಚುಕ್ಕೆಯನ್ನು, ಮೈಮೇಲೆ ಬೆನ್ನಿನಿಂದ ಹೊಟ್ಟೆಯ ಕಡೆಗೆ ಇಳಿಯುವ ಪಟ್ಟೆಗಳನ್ನು ನೋಡುತ್ತಿದ್ದೆ. ಹೊಟ್ಟೆಹುಳ ಇದ್ದರೆ ಮೀನು ಸಾಮಾನ್ಯವಾಗಿ ತಿಂದರೂ ಬಡಕಲಾಗುತ್ತಾ ಹೋಗುತ್ತದೆ. ಕೆಮಲ್ಲಾನಸ್ ಎಂಬ ಜಾತಿಯ ಹುಳವಾದರೆ ಹಿಂಭಾಗದಲ್ಲಿ ಕೆಂಪು ದಾರದಂಥ ತುದಿಗಳೇ ಕಾಣುತ್ತವೆ. ಇಲ್ಲಿ ಎರಡೂ ಇಲ್ಲ. ಸೋಂಕು ಇದ್ದಿದ್ದರೆ ಮೀನು ಮಂಕಾಗಿ, ಊಟ ಬಿಟ್ಟು ಕೂತಿರುತ್ತಿತ್ತು. ಗೆಡ್ಡೆಯನ್ನು ಮಾತ್ರ ಕಣ್ಣಿನಿಂದ ನೋಡಿ ಪೂರ್ತಿ ತಳ್ಳಿಹಾಕಲು ಆಗುವುದಿಲ್ಲ. ಆದರೆ ಗೆಡ್ಡೆ ನಿಧಾನವಾಗಿ ಬೆಳೆಯುತ್ತದೆ. ಇದು ಕೆಲವೇ ದಿನಗಳಲ್ಲಿ ಬಂದ ಊತ.

ಜಾಸ್ತಿ ಊಟ, ಉಬ್ಬುವ ಊಟ, ತಣ್ಣನೆ ನೀರು. ಮೂರೂ ಸೇರಿ ಮಲಬದ್ಧತೆ. ಹೀಗೆಂದು ನಿರ್ಧಾರ ಮಾಡಿದೆವು.

ಏನು ಮಾಡಿದೆವು

ಮೊದಲನೆಯದು ಉಪವಾಸ. ಮೂರು ದಿನ ಏನೂ ಹಾಕಬಾರದು. ಮನೆಯವರಿಗೆ ಇದು ತುಂಬಾ ಕಷ್ಟವಾಯಿತು. ಮಗುವಿನ ಕಣ್ಣಲ್ಲಿ ನೀರೇ ಬಂತು. ಆರೋಗ್ಯವಾಗಿರುವ ದೊಡ್ಡ ಬೆಟ್ಟಾ ಕೆಲವು ದಿನ ಊಟವಿಲ್ಲದೆ ಆರಾಮಾಗಿ ಇರುತ್ತದೆ, ಅದರ ಹೊಟ್ಟೆ ಈಗ ಖಾಲಿ ಇಲ್ಲ, ತುಂಬಿಕೊಂಡೇ ಕಷ್ಟಪಡುತ್ತಿದೆ ಎಂದು ಅವನಿಗೆ ಹೇಳಿದೆ. ಮರಿಮೀನುಗಳಿಗೆ ಮಾತ್ರ ಹೀಗೆ ಉಪವಾಸ ಹಾಕಬಾರದು. ಅವಕ್ಕೆ ದಿನಕ್ಕೆ ಹಲವು ಸಲ ಊಟ ಬೇಕು.

ಎರಡನೆಯದು ಬಿಸಿ. 25 ವ್ಯಾಟ್‌ನ, ಥರ್ಮೋಸ್ಟಾಟ್ ಇರುವ ಹೀಟರ್ ಹಾಕಿದೆವು. ಒಂದೇ ಸಲಕ್ಕೆ 27ಕ್ಕೆ ಏರಿಸಲಿಲ್ಲ. ದಿಢೀರ್ ಬದಲಾವಣೆ ಮೀನಿಗೆ ಇನ್ನೊಂದು ಪೆಟ್ಟು. ಕೆಲವು ಗಂಟೆಗೆ ಒಂದು ಡಿಗ್ರಿಯಂತೆ, ಎರಡು ದಿನದಲ್ಲಿ 27ಕ್ಕೆ ತಂದೆವು. ಟ್ಯಾಂಕಿಗೆ ಮುಚ್ಚಳ ಹಾಕಿಸಿದೆ, ಗಾಳಿಯಾಡಲು ಸಂದು ಬಿಟ್ಟು. ಬೆಟ್ಟಾ ನೀರಿನ ಮೇಲಿನ ಗಾಳಿಯನ್ನೂ ಉಸಿರಾಡುತ್ತದೆ. ಆ ಗಾಳಿಯೂ ಬೆಚ್ಚಗಿದ್ದರೆ ಒಳ್ಳೆಯದು.

ಮೂರನೆಯದು, ಕಟ್ಟಿದ ಕರುಳು ಸಡಿಲಾಗಲೆಂದು ಎಪ್ಸಮ್ ಉಪ್ಪಿನ ಸ್ನಾನ. ಎಪ್ಸಮ್ ಅಂದರೆ ಮೆಗ್ನೀಸಿಯಂ ಸಲ್ಫೇಟ್. ಅಡುಗೆ ಉಪ್ಪಲ್ಲ, ಅಕ್ವೇರಿಯಂ ಉಪ್ಪೂ ಅಲ್ಲ. ಈ ಎರಡನ್ನು ಅದರ ಬದಲಿಗೆ ಹಾಕಿದರೆ ಉಪಯೋಗ ಇಲ್ಲ, ಊತ ಜಾಸ್ತಿಯೂ ಆಗಬಹುದು. ಬಣ್ಣ, ಸುವಾಸನೆ ಬೆರೆಸಿದ ಪೊಟ್ಟಣ ಬೇಡವೇ ಬೇಡ. ಟ್ಯಾಂಕಿನದೇ 4 ಲೀಟರ್ ನೀರನ್ನು ಬೇರೆ ಪಾತ್ರೆಗೆ ತೆಗೆದುಕೊಂಡು ಒಂದು ಟೀ ಚಮಚ ಪೂರ್ತಿ ಕರಗಿಸಿದೆವು. ಮೀನನ್ನು 10 ನಿಮಿಷ ಅದರಲ್ಲಿ ಬಿಟ್ಟು, ಪಕ್ಕದಲ್ಲೇ ಕೂತು ನೋಡಿದೆವು. ಮೀನು ಮಗುಚಿದರೆ ಅಥವಾ ಏದುಸಿರು ಬಿಟ್ಟರೆ ಕೂಡಲೇ ತೆಗೆಯಬೇಕು. ಏನೂ ಆಗಲಿಲ್ಲ. ದಿನಕ್ಕೆ ಒಂದೇ ಸ್ನಾನ. ಹಿಡಿಯಲು ಬಲೆ ಬಳಸಲಿಲ್ಲ, ಬಟ್ಟಲಿನಲ್ಲಿ ನೀರಿನ ಸಮೇತ ಎತ್ತಿದೆವು. ಹಾಫ್‌ಮೂನ್ ಬಾಲ ಬಲೆಗೆ ಸಿಕ್ಕಿ ಹರಿಯುತ್ತದೆ.

ಟ್ಯಾಂಕಿನ ನೀರಿನ ಮಟ್ಟವನ್ನೂ ಇಳಿಸಿದೆವು. ಫಿಲ್ಟರಿನ ಗುಳ್ಳೆಯ ಜೋರು ಕಮ್ಮಿ ಮಾಡಿದೆವು. ಇಳಿಯಲಾಗದ ಮೀನು ನೀರಿನ ಹರಿವಿನ ಜೊತೆಗೂ ಹೋರಾಡಬೇಕಾದರೆ ಸೋತುಹೋಗುತ್ತದೆ. ಇನ್ನೊಂದು ವಿಷಯವನ್ನು ಜಾಸ್ತಿ ಜನ ಗಮನಿಸುವುದಿಲ್ಲ. ತೇಲುವ ಮೀನಿನ ಬೆನ್ನು ನೀರಿನಿಂದ ಹೊರಗೆ ಉಳಿದರೆ ಅಲ್ಲಿ ಚರ್ಮ ಒಣಗಿ ಹುಣ್ಣಾಗುತ್ತದೆ, ಆ ಹುಣ್ಣಿಗೆ ಸೋಂಕು ತಗಲುತ್ತದೆ. ಅದಕ್ಕೆ ಅಗಲ ಎಲೆಯ ಒಂದು ಗಿಡವನ್ನು ನೀರಿನ ಮಟ್ಟದ ಸ್ವಲ್ಪ ಕೆಳಗೆ ಬರುವಂತೆ ಇಟ್ಟೆವು. ಮೀನು ಎಲೆಯ ಅಡಿಗೆ ನುಗ್ಗಿ ಅಲ್ಲೇ ತಂಗಿತು. ಎಲೆ ಅದನ್ನು ಮೇಲೆ ಬರದಂತೆ ತಡೆಯಿತು, ಬೆನ್ನು ಒದ್ದೆಯಾಗಿಯೇ ಉಳಿಯಿತು. ಉಸಿರಿಗೆ ಬೇಕಾದಾಗ ಪಕ್ಕದಿಂದ ಮೇಲೆ ಬರುತ್ತಿತ್ತು.

ಬೇಯಿಸಿದ ಬಟಾಣಿ ಕೊಡಬಹುದಾ ಎಂದು ಗೆಳತಿ ಕೇಳಿದಳು. ಬೇಡ ಎಂದೆ. ಗೋಲ್ಡ್‌ಫಿಶ್‌ನಂತೆ ಸೊಪ್ಪನ್ನೂ ತಿನ್ನುವ ಮೀನುಗಳಿಗೆ ಬಟಾಣಿ ಸರಿ. ಬೆಟ್ಟಾ ಅದನ್ನು ಚೆನ್ನಾಗಿ ಅರಗಿಸಿಕೊಳ್ಳಲಾರದು. ಈಗಾಗಲೇ ಕಟ್ಟಿಕೊಂಡ ಕರುಳಿಗೆ ಅರಗದ ಇನ್ನೊಂದು ವಸ್ತು ತುರುಕುವುದು ಯಾಕೆ? ಬೆಟ್ಟಾಗೆ ಬೇಕಾದ ನಾರು ಅದರ ಸಹಜ ಊಟದಲ್ಲೇ ಇದೆ. ಡ್ಯಾಫ್ನಿಯಾ, ಅಂದರೆ ನೀರು ಚಿಗಟದ ಮೈಮೇಲಿನ ತೆಳು ಚಿಪ್ಪು ಕೈಟಿನ್ ಎಂಬ ನಾರಿನಂಥ ವಸ್ತುವಿನಿಂದ ಆದದ್ದು. ಅದು ಅರಗದೆ ಕರುಳಿನ ಮೂಲಕ ಸಾಗಿ ಉಳಿದದ್ದನ್ನೂ ತಳ್ಳಿಕೊಂಡು ಹೋಗುತ್ತದೆ. ಅದನ್ನು ಉಪವಾಸ ಮುಗಿದ ಮೇಲೆ ಕೊಡೋಣ ಎಂದು ಇಟ್ಟುಕೊಂಡೆವು. ಒಣಗಿಸಿದ್ದು ಅಲ್ಲ, ಫ್ರೀಜ್ ಮಾಡಿದ್ದು.

ಮುಂದೆ ಆದದ್ದು

ಮೊದಲ ದಿನ ಏನೂ ಬದಲಾಗಲಿಲ್ಲ. ಎರಡನೆಯ ದಿನ ನೀರು 26 ಡಿಗ್ರಿ ಮುಟ್ಟಿತು, ಬಿಳಿ ಎಳೆ ಕಳಚಿ ಬಿದ್ದಿತ್ತು. ಆ ರಾತ್ರಿ ಗೆಳತಿ ಒಂದು ಫೋಟೋ ಕಳಿಸಿದಳು. ಟ್ಯಾಂಕಿನ ತಳದಲ್ಲಿ ಉದ್ದನೆಯ, ಕಂದು ಬಣ್ಣದ ಹಿಕ್ಕೆ. ಹಿಕ್ಕೆಯ ಫೋಟೋ ನೋಡಿ ಅಷ್ಟು ಖುಷಿ ಆಗುತ್ತದೆ ಎಂದು ಮೀನು ಸಾಕದವರಿಗೆ ಹೇಳಿದರೆ ನಂಬುವುದಿಲ್ಲ. ಮರುದಿನ ಇನ್ನಷ್ಟು ಬಂತು. ಮೇಲಿನಿಂದ ತೆಗೆದ ಫೋಟೋಗಳನ್ನು ಸಾಲಾಗಿ ಇಟ್ಟರೆ ಹೊಟ್ಟೆಯ ಅಗಲ ಕಮ್ಮಿಯಾಗಿದ್ದು ಎದ್ದು ಕಾಣುತ್ತಿತ್ತು. ಉಪ್ಪಿನ ಸ್ನಾನ ಅಲ್ಲಿಗೆ ನಿಲ್ಲಿಸಿದೆವು. ಸ್ನಾನ ಎಷ್ಟು ಕೆಲಸ ಮಾಡಿತು, ಬಿಸಿ ಮತ್ತು ಉಪವಾಸ ಎಷ್ಟು ಮಾಡಿದವು ಎಂದು ಬಿಡಿಸಿ ಹೇಳಲು ಬರುವುದಿಲ್ಲ, ಮೂರನ್ನೂ ಒಟ್ಟಿಗೆ ಮಾಡಿದ್ದೆವು. ಒಂದನ್ನೇ ಆರಿಸಬೇಕು ಎಂದಿದ್ದರೆ ನಾನು ಬಿಸಿಯನ್ನು ಆರಿಸುತ್ತಿದ್ದೆ.

ನಾಲ್ಕನೆಯ ದಿನ ಕರಗಿಸಿದ ಡ್ಯಾಫ್ನಿಯಾ, ಮೀನಿನ ಕಣ್ಣಿಗಿಂತ ಸ್ವಲ್ಪ ಕಮ್ಮಿ. ಗಬಕ್ಕನೆ ತಿಂದಿತು. ಮೀನು ಈಗ ತಳದವರೆಗೆ ಇಳಿಯುತ್ತಿತ್ತು. ಬೆಳಗಿನ ಹೊತ್ತು ಮಾತ್ರ ಸ್ವಲ್ಪ ಬಲಕ್ಕೆ ವಾಲುತ್ತಿತ್ತು, ಮಧ್ಯಾಹ್ನದ ಹೊತ್ತಿಗೆ ಸರಿಯಾಗುತ್ತಿತ್ತು. ಒತ್ತಡ ಇಳಿದ ಮೇಲೂ ಗಾಳಿಚೀಲ ತನ್ನ ಲೆಕ್ಕ ಸರಿಮಾಡಿಕೊಳ್ಳಲು ಹೊತ್ತು ಬೇಕು. ಅದಕ್ಕೆ ಔಷಧಿ ಬೇಕಾಗಿಲ್ಲ.

ನಂತರ ಶುರುವಾಯಿತು ಬೇರೆಯೇ ತಾಪತ್ರಯ. ಬೆಟ್ಟಾಗಳಿಗೆಂದೇ ಮಾಡಿದ, ಸಣ್ಣ ಕಾಳಿನ ಪೆಲೆಟ್ ತಂದರು. ಮೀನು ಅದನ್ನು ಬಾಯಿಗೆ ಹಾಕಿಕೊಂಡು ಉಗುಳಿತು. ಮತ್ತೆ ತೆಗೆದುಕೊಂಡು ಮತ್ತೆ ಉಗುಳಿತು. ಕೊನೆಗೆ ಅದು ತಳಕ್ಕೆ ಬಿದ್ದರೂ ತಿರುಗಿ ನೋಡಲಿಲ್ಲ. ಗೆಳತಿಗೆ ಮತ್ತೆ ಗಾಬರಿ. ಇಲ್ಲಿ ಎರಡು ಸಂಗತಿಗಳನ್ನು ಬೇರೆ ಬೇರೆ ಮಾಡಿ ನೋಡಬೇಕು. ಬೆಟ್ಟಾ ಪೆಲೆಟ್ ಉಗುಳಿ ಮತ್ತೆ ತಿನ್ನುವುದು ಮಾಮೂಲು. ಕಾಳು ಗಟ್ಟಿ ಇದ್ದರೆ ಹಾಗೆ ಮೆತ್ತಗೆ ಮಾಡಿ, ಒಡೆದು ತಿನ್ನುತ್ತದೆ. ಉಗುಳಿ ಬಿಟ್ಟೇ ಹೋದರೆ ಅದು ಬೇಡ ಎನ್ನುವುದು. ಬೇಡ ಎನ್ನುವುದಕ್ಕೂ ಕಾರಣ ಬೇರೆ ಬೇರೆ ಇರುತ್ತದೆ. ಬಾಯಿಯಲ್ಲಿ ಗಾಯ, ಬಿಳಿ ಪೊರೆ ಇದೆಯಾ ಎಂದು ನೋಡಿಸಿದೆ. ಇರಲಿಲ್ಲ. ಡ್ಯಾಫ್ನಿಯಾ ಹಾಕಿದರೆ ನುಂಗುತ್ತಿತ್ತು. ಅಂದರೆ ಬಾಯಿ ಸರಿ ಇದೆ, ಹಸಿವೂ ಇದೆ, ರುಚಿ ಮಾತ್ರ ಹೊಸದು. ಇದು ಹಟ.

ಹಟಕ್ಕೆ ಮದ್ದು ತಾಳ್ಮೆ. ದಿನಾ ಬೆಳಗ್ಗೆ ಒಂದೇ ಒಂದು ಪೆಲೆಟ್ ಹಾಕಿ ಐದು ನಿಮಿಷ ಕಾಯುವುದು. ತಿನ್ನದಿದ್ದರೆ ತೆಗೆದುಬಿಡುವುದು. ಬಿಟ್ಟರೆ ಕೊಳೆತು ಅಮೋನಿಯಾ ಆಗುತ್ತದೆ. ಅದರ ಬದಲಿಗೆ ಆ ಹೊತ್ತಿಗೆ ಬೇರೇನೂ ಕೊಡಬಾರದು. ಕೊಟ್ಟರೆ, "ಉಗುಳಿದರೆ ಒಳ್ಳೆಯದು ಸಿಗುತ್ತದೆ" ಎಂದು ಮೀನು ಕಲಿಯುತ್ತದೆ. ಎರಡು ದಿನ ನೋಡಿ, ಪೆಲೆಟ್ ಅನ್ನು ಡ್ಯಾಫ್ನಿಯಾ ಕರಗಿದ ನೀರಿನಲ್ಲಿ ಒಂದು ನಿಮಿಷ ಅದ್ದಿ ಹಾಕಲು ಹೇಳಿದೆ. ಅದೇ ಕೆಲಸ ಮಾಡಿತು. ಮೊದಲು ಒಂದು, ಆಮೇಲೆ ಎರಡು. ವಾರ ಕಳೆಯುವಷ್ಟರಲ್ಲಿ ಅದ್ದದೆಯೇ ತಿನ್ನತೊಡಗಿತು. ಮಂಕಾಗಿ, ಬಣ್ಣ ಕಳೆದುಕೊಂಡು, ಇಷ್ಟದ ಊಟವನ್ನೂ ಬಿಟ್ಟ ಮೀನಿನ ಮೇಲೆ ಮಾತ್ರ ಈ ಹಟದ ಆಟ ಆಡಬೇಡಿ. ಅದು ಕಾಯಿಲೆ, ಅದಕ್ಕೆ ನೀರು ಮತ್ತು ಮೈ ಎರಡನ್ನೂ ಮೊದಲಿನಿಂದ ನೋಡಬೇಕು.

ಮನೆಯವರ ಕೈ

ಎಲ್ಲ ಸರಿಯಾಯಿತು ಎನ್ನುವಾಗ ಹೊಟ್ಟೆ ಮತ್ತೆ ಸ್ವಲ್ಪ ಉಬ್ಬಿತು. ಮಾವ ತಾವೇ ಒಪ್ಪಿಕೊಂಡರು. ರಾತ್ರಿ ಎದುರಿಗೆ ಬಂದು ಕುಣಿಯುತ್ತಿತ್ತು, ಮನಸ್ಸು ತಡೆಯದೆ ಒಣ ಹುಳು ಒಂದೆರಡು ಹಾಕಿದೆ ಎಂದರು. ಒಂದು ದಿನ ಉಪವಾಸ ಹಾಕಿದ ಮೇಲೆ ಊತ ಇಳಿಯಿತು. ಆದರೆ ಇದು ಮತ್ತೆ ಮತ್ತೆ ಆಗುವ ವಿಷಯ ಅಲ್ವಾ? ಮೀನಿಗೆ ಎಷ್ಟೇ ಚಿಕಿತ್ಸೆ ಮಾಡಿದರೂ ಊಟ ಹಾಕುವ ಕೈಗಳು ಹಾಗೇ ಇದ್ದರೆ ಪ್ರಯೋಜನ ಇಲ್ಲ. ಅವರನ್ನು ದೂರ ಇಡುವುದು ನನಗೆ ಸರಿ ಕಾಣಲಿಲ್ಲ. ದಿನದಲ್ಲಿ ಆ ಮೀನಿನ ಜೊತೆ ಎಲ್ಲರಿಗಿಂತ ಜಾಸ್ತಿ ಹೊತ್ತು ಕಳೆಯುವವರು ಅವರೇ.

ಅದಕ್ಕೇ ಊಟದ ಪೂರ್ತಿ ಜವಾಬ್ದಾರಿಯನ್ನು ಅವರಿಗೇ ಕೊಡು ಎಂದು ಗೆಳತಿಗೆ ಹೇಳಿದೆ. ಮಾತ್ರೆ ಇಡುವ ವಾರದ ಡಬ್ಬಿ ಬರುತ್ತದಲ್ಲ, ಪ್ರತಿ ದಿನಕ್ಕೂ ಬೆಳಗ್ಗೆ ರಾತ್ರಿ ಎರಡು ಖಾನೆ ಇರುವಂಥದ್ದು. ಭಾನುವಾರ ಮೊಮ್ಮಗ ಕೂತು ಒಂದೊಂದು ಖಾನೆಗೆ ಮೂರು ಪೆಲೆಟ್ ಎಣಿಸಿ ಹಾಕುತ್ತಾನೆ. ತಾತ ಖಾನೆ ತೆರೆದು ಹಾಕುತ್ತಾರೆ. ಖಾನೆ ಖಾಲಿ ಇದ್ದರೆ ಊಟ ಆಗಿದೆ ಎಂದರ್ಥ, ಯಾರೂ ಯಾರನ್ನೂ ಕೇಳಬೇಕಾಗಿಲ್ಲ. ಬುಧವಾರ ಮತ್ತು ಶನಿವಾರ ರಾತ್ರಿಯ ಖಾನೆಗಳು ಖಾಲಿ. ಅವತ್ತು ಫ್ರೀಜರಿನ ಡ್ಯಾಫ್ನಿಯಾ. ಸೋಮವಾರ ಪೂರ್ತಿ ಖಾಲಿ. ವಾರಕ್ಕೊಂದು ದಿನ ಹೊಟ್ಟೆಗೆ ಬಿಡುವು ಕೊಡುವುದು ಎಲ್ಲ ಬೆಟ್ಟಾಗೂ ಕಡ್ಡಾಯ ಅಂತೇನಿಲ್ಲ. ಅಳತೆಯಲ್ಲಿ ಊಟ ಹಾಕುವ ಮನೆಯಲ್ಲಿ ಅದಿಲ್ಲದೆಯೂ ನಡೆಯುತ್ತದೆ. ಒಮ್ಮೆ ಮಲಬದ್ಧತೆಯಾದ ಮೀನಿಗೆ ಮಾತ್ರ ನಾನು ಆ ಬಿಡುವನ್ನು ತಪ್ಪಿಸುವುದಿಲ್ಲ.

ಬ್ಲಡ್‌ವರ್ಮ್ ಅನ್ನು ಪೂರ್ತಿ ನಿಲ್ಲಿಸಲಿಲ್ಲ. ಹದಿನೈದು ದಿನಕ್ಕೊಮ್ಮೆ, ಫ್ರೀಜ್ ಮಾಡಿದ್ದು, ಎರಡು ಹುಳು. ಹಾಕುವುದು ತಾತನ ಕೈಯಿಂದಲೇ. ಕಾಲುವೆ, ಗುಂಡಿಗಳಿಂದ ಸೊಳ್ಳೆ ಮರಿ ಹಿಡಿದು ತರಲೇ ಎಂದು ಹುಡುಗ ಕೇಳಿದ್ದ. ಬೇಡ ಎಂದೆ. ಕೊಳಕು ನೀರಿನ ಜೊತೆ ಹೊಟ್ಟೆಹುಳದ ಮೊಟ್ಟೆಯೂ, ಮೀನನ್ನೇ ಕಚ್ಚುವ ಬೇರೆ ಹುಳುಗಳೂ ಬರಬಹುದು.

ಈಗ ಮೀನು ಆರಾಮಾಗಿ ಈಜುತ್ತಿದೆ. ನೀರು 26ರಲ್ಲಿ ನಿಂತಿದೆ. ಮೇಲಿನಿಂದ ಫೋಟೋ ತೆಗೆಯುವುದು ವಾರಕ್ಕೊಮ್ಮೆ ಮುಂದುವರಿದಿದೆ. ಆ ಮನೆಯ ಫ್ರಿಜ್ ಮೇಲೆ ಒಂದು ಚೀಟಿ ಅಂಟಿಸಿದ್ದೇವೆ. ಐದು ದಿನ ಉಪವಾಸ ಮತ್ತು ಬಿಸಿ ಕೊಟ್ಟ ಮೇಲೂ ಊತ ಇಳಿಯದಿದ್ದರೆ, ಒಂದೇ ಪಕ್ಕ ಗಂಟು ಕಂಡರೆ, ಹುರುಪೆ ಏಳತೊಡಗಿದರೆ, ಅಥವಾ ಡ್ಯಾಫ್ನಿಯಾ ಹಾಕಿದರೂ ಮೀನು ತಿರುಗಿ ನೋಡದಿದ್ದರೆ ಮನೆಮದ್ದು ಅಲ್ಲಿಗೆ ನಿಲ್ಲಿಸಿ ಮೀನು ನೋಡುವ ಪಶುವೈದ್ಯರ ಬಳಿ ಹೋಗಬೇಕು. ಹೋಗುವಾಗ ಜೊತೆಗೆ ಇರಬೇಕಾದದ್ದು: ಮೇಲಿನಿಂದ ತೆಗೆದ ಫೋಟೋಗಳು, ನೀರಿನ ಪರೀಕ್ಷೆಯ ಅಂಕಿಗಳು, ಥರ್ಮಾಮೀಟರಿನ ಓದು, ಒಂದು ಸಣ್ಣ ಬಾಟಲಿಯಲ್ಲಿ ಟ್ಯಾಂಕಿನ ನೀರು, ಸಿಕ್ಕರೆ ಹೊಸ ಹಿಕ್ಕೆ, ಮತ್ತು ಕಳೆದ ಎರಡು ವಾರ ಯಾರು ಏನು ಎಷ್ಟು ಹಾಕಿದರು ಎಂಬ ಪಟ್ಟಿ.